ಒಟಿಪಿ ಬಂದಿಲ್ಲ, ಕಾರ್ಡೂ ಇಲ್ಲ, ಆದರೂ ಅಮ್ಮನ ದುಡ್ಡು ಹೋಯ್ತು: ಹೇಗೆ? ಈಗೇನು ಮಾಡುವುದು?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಬ್ರಹ್ಮಾವರದ ಕಡೆ ಒಬ್ಬರೇ ಇದ್ದಾರೆ. ನಾನು ಅಬುಧಾಬಿಯಲ್ಲಿ, ತಮ್ಮ ಮಂಗಳೂರಿನಲ್ಲಿ. ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಹತ್ತು ಸಾವಿರದ ಹಾಗೆ ಎರಡು ಸಲ ದುಡ್ಡು ಹೋಗಿರುವುದು ಗೊತ್ತಾಯ್ತು. ಆಗಲೇ ಒಂದು ವಾರ ಕಳೆದಿತ್ತು. ಅಮ್ಮನಿಗೆ ಎಟಿಎಂ ಕಾರ್ಡ್ ಇಲ್ಲ, ಗೂಗಲ್ ಪೇ ಇಲ್ಲ, ಯಾರಿಗೂ ಒಟಿಪಿ ಹೇಳಿಲ್ಲ. ಮೆಸೇಜ್ ಕೂಡ ಬಂದಿಲ್ಲ, ಯಾಕೆಂದರೆ ಖಾತೆಗೆ ಕೊಟ್ಟದ್ದು ತುಂಬಾ ಹಳೆಯ ನಂಬರ್. ಬ್ಯಾಂಕಿನಲ್ಲಿ ಕೇಳಿದರೆ "ನಿಮ್ಮದೇ ಹೆಬ್ಬೆಟ್ಟು ಬಿದ್ದಿದೆ, ನೀವೇ ತೆಗೆದಿರಬೇಕು" ಅಂತ ಹೇಳಿ ಕಳಿಸಿದರು. 2022ರಲ್ಲಿ ಒಮ್ಮೆ ಜಾಗದ ರಿಜಿಸ್ಟ್ರೇಷನ್ ಆಗಿತ್ತು. ಮುಂದಿನ ತಿಂಗಳು ಪಾಲುಪಟ್ಟಿಗೆ ಮತ್ತೆ ಹೋಗಬೇಕು. ದುಡ್ಡು ವಾಪಸ್ ಬರುತ್ತದಾ? ಆಧಾರ್ ಎಲ್ಲೂ ಕೊಡದೆ ಇರಲು ಆಗುತ್ತದಾ? ತಮ್ಮ ಹೇಳುವುದು, ಎಲ್ಲದಕ್ಕೂ ನನ್ನ ನಂಬರನ್ನೇ ಕೊಟ್ಟುಬಿಡುವ ಅಂತ. ಅದು ಸರಿಯಾ?

ಉತ್ತರ:

ಮೊದಲು ಒಂದು ಕೆಲಸ. ಇದನ್ನು ಪೂರ್ತಿ ಓದುವ ಮೊದಲೇ ತಮ್ಮನಿಗೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಲು ಹೇಳಿ. ಅಮ್ಮ ಪಕ್ಕದಲ್ಲಿದ್ದರೆ ಒಳ್ಳೆಯದು. ಖಾತೆ ನಂಬರ್, ತಾರೀಕು, ಮೊತ್ತ ಕೈಯಲ್ಲಿ ಇರಲಿ. ಪಾಸ್‌ಬುಕ್ಕಿನಲ್ಲೋ ಸ್ಟೇಟ್‌ಮೆಂಟಿನಲ್ಲೋ ಆ ಎರಡು ಎಂಟ್ರಿಯ ಜೊತೆ 12 ಅಂಕೆಯ ಒಂದು ರೆಫರೆನ್ಸ್ ನಂಬರ್ ಇರುತ್ತದೆ, ಬ್ಯಾಂಕಿನವರು ಅದಕ್ಕೆ ಆರ್‌ಆರ್‌ಎನ್ ಅನ್ನುತ್ತಾರೆ. ಅದನ್ನೂ ಬರೆದಿಟ್ಟುಕೊಳ್ಳಲಿ. ವಾರ ಕಳೆದಿದೆ, ಇನ್ನೇನು ಪ್ರಯೋಜನ ಅಂತ ಕೂರಬೇಡಿ.

ಇನ್ನು ಹೇಗಾಯ್ತು ಅನ್ನುವುದು. ಎಂಟ್ರಿಯ ಎದುರು ಎಇಪಿಎಸ್ ಅಂತ ಇದೆಯಾ ನೋಡಿ. ನನ್ನ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಅಂದರೆ ಅದು. ಎಟಿಎಂ ಇಲ್ಲದ ಹಳ್ಳಿಗಳಲ್ಲಿ ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ ಇವನ್ನೆಲ್ಲ ಜನ ಊರಿನಲ್ಲೇ ತೆಗೆದುಕೊಳ್ಳಲಿ ಅಂತ ಮಾಡಿದ್ದು. ಬ್ಯಾಂಕ್ ಮಿತ್ರ ಅಂತ ಒಬ್ಬರು ಸಣ್ಣ ಮೆಷಿನ್ ಇಟ್ಟುಕೊಂಡಿರುತ್ತಾರೆ. ಅವರು ಕೇಳುವುದು ಮೂರೇ ವಿಷಯ: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಒಟಿಪಿ ಇಲ್ಲ, ಪಿನ್ ಇಲ್ಲ, ಖಾತೆ ನಂಬರ್ ಕೂಡ ಬೇಡ. ಒಂದು ಸಲಕ್ಕೆ ಹೆಚ್ಚೆಂದರೆ 10,000 ರೂಪಾಯಿ. ನಿಮ್ಮ ಅಮ್ಮನ ಖಾತೆಯಿಂದ ಸರಿಯಾಗಿ ಹತ್ತು ಸಾವಿರದ ಹಾಗೆ ಎರಡು ಸಲ ಹೋದದ್ದು ನೋಡಿಯೇ ನನಗೆ ಅನುಮಾನ ಬಂದದ್ದು.

ಅಮ್ಮ ಎಇಪಿಎಸ್ ಬೇಕು ಅಂತ ಎಲ್ಲೂ ಅರ್ಜಿ ಹಾಕಿರಲಿಕ್ಕಿಲ್ಲ. ಹಾಕಬೇಕಾಗಿಯೂ ಇಲ್ಲ. ಖಾತೆಗೆ ಆಧಾರ್ ಜೋಡಿಸಿದರೆ ಸಾಮಾನ್ಯವಾಗಿ ಅದು ತನ್ನಷ್ಟಕ್ಕೆ ಚಾಲೂ ಆಗಿರುತ್ತದೆ. ಹತ್ತು ವರ್ಷದಿಂದ "ಒಟಿಪಿ ಯಾರಿಗೂ ಹೇಳಬೇಡಿ" ಅಂತ ನಾವೆಲ್ಲ ಬಾಯಿಪಾಠ ಮಾಡಿಸಿದೆವು. ಜನ ಕಲಿತರು ಕೂಡ. ಕಳ್ಳರು ಒಟಿಪಿಯೇ ಬೇಡದ ಬಾಗಿಲು ಹುಡುಕಿಕೊಂಡರು, ಅಷ್ಟೇ.

ಬೆರಳು ಎಲ್ಲಿಂದ ಸಿಕ್ಕಿತು? ಇದಕ್ಕೆ ನಮ್ಮ ಊರಿನದ್ದೇ ಉದಾಹರಣೆ ಇದೆ. 2023ರಲ್ಲಿ ಮಂಗಳೂರಿನಲ್ಲಿ ಒಬ್ಬರ ಹಿಂದೆ ಒಬ್ಬರು ಇದೇ ದೂರು ತಂದರು. ಹೆಚ್ಚಿನವರು ಅದಕ್ಕೆ ಸ್ವಲ್ಪ ಮೊದಲು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಜಾಗದ್ದೋ ಮನೆಯದ್ದೋ ಪತ್ರ ಮಾಡಿಸಿಕೊಂಡವರು. ಆ ವರ್ಷ ಅಕ್ಟೋಬರ್‌ನಲ್ಲಿ ಮಂಗಳೂರು ನಗರ ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪತ್ರಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರ್ ಬಳಸಿದ್ದರು ಅನ್ನುವುದು ತನಿಖೆಯಲ್ಲಿ ಹೊರಬಂತು. ಒಂದು ಕ್ರಯಪತ್ರ ತೆಗೆದು ನೋಡಿ, ಅರ್ಥ ಆಗುತ್ತದೆ. ಹೆಸರು, ತಂದೆಯ ಹೆಸರು, ವಿಳಾಸ, ವಯಸ್ಸು, ಫೋಟೊ, ಆಧಾರ್, ಪ್ಯಾನ್, ಪಕ್ಕದಲ್ಲಿ ಹೆಬ್ಬೆರಳಿನ ಗುರುತು. ಕಳ್ಳ ಕೇಳುವುದೆಲ್ಲ ಒಂದೇ ಹಾಳೆಯಲ್ಲಿ. ಬ್ಯಾಂಕ್ ಯಾವುದು ಅಂತ ಊಹಿಸುವುದು ಕಷ್ಟವಾ? ಮೂರು ನಾಲ್ಕು ಹೆಸರು ಹಾಕಿ ನೋಡಿದರೆ ಒಂದರಲ್ಲಿ ಸಿಗುತ್ತದೆ.

ಆಮೇಲೆ ಇಲಾಖೆ ಬೆರಳಚ್ಚು ಕಾಣದ ಹಾಗೆ ಮರೆಮಾಡಿತು. ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಹೊರಗೆ ಹೋದ ಪ್ರತಿಗಳನ್ನು ಯಾರು ವಾಪಸ್ ತರುತ್ತಾರೆ? ನಿಮ್ಮ ಅಮ್ಮನದ್ದು 2022ರ ಪತ್ರ. ಅದರಿಂದಲೇ ಹೋಯ್ತು ಅಂತ ನಾನು ಇಲ್ಲಿ ಕೂತು ಹೇಳುವುದು ತಪ್ಪಾಗುತ್ತದೆ. ಸಿಮ್ ಮಾರುವವನ ಹತ್ತಿರ ಎರಡೆರಡು ಸಲ ಬೆರಳು ಒತ್ತಿಸಿಕೊಂಡಿರಬಹುದು, "ಸರ್ಕಾರದ ಹೊಸ ಯೋಜನೆ" ಅಂತ ಮನೆ ಬಾಗಿಲಿಗೆ ಬಂದವರು ಒತ್ತಿಸಿಕೊಂಡಿರಬಹುದು. ಎರಡನೆಯದನ್ನು ಅಮ್ಮನ ಹತ್ತಿರ ನಿಧಾನವಾಗಿ ಕೇಳಿ. ಬೈಯುವ ಧಾಟಿಯಲ್ಲಿ ಕೇಳಿದರೆ "ಯಾರೂ ಬರಲಿಲ್ಲ" ಅಂದುಬಿಡುತ್ತಾರೆ.

ಬೆರಳಿನ ಗುರುತು ಗುಟ್ಟಿನ ವಿಷಯ ಅಲ್ಲವೇ ಅಲ್ಲ, ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಕಾರ್ಡ್ ಕಳೆದರೆ ಬ್ಲಾಕ್ ಮಾಡಿಸಿ ಹೊಸದು ತರಬಹುದು. ಹೆಬ್ಬೆರಳು ಬದಲಿಸಲು ಆಗುತ್ತದಾ ಮಾರಾಯ್ರೆ? ಹಾಗಾಗಿ ಅದನ್ನು ಮುಚ್ಚಿಡುವ ಪ್ರಯತ್ನ ಬಿಡಿ. ಅದು ಯಾರ ಕೈಗೆ ಸಿಕ್ಕರೂ ಕೆಲಸ ಮಾಡದ ಹಾಗೆ ಲಾಕ್ ಮಾಡಿಬಿಡಿ.

ಆ ಲಾಕ್ ಪುಕ್ಕಟೆ. ಮೈ ಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇರುತ್ತದೆ. ಆಧಾರ್ ನಂಬರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಿ ಲಾಕ್ ಮಾಡಿದರೆ ಆಯ್ತು. ಅಲ್ಲಿಂದ ಮುಂದೆ ಯಾರಾದರೂ ಅಮ್ಮನ ಬೆರಳಿನ ನಕಲು ಒತ್ತಿದರೆ 330 ಅಂತ ಎರರ್ ಬಂದು ನಿಲ್ಲುತ್ತದೆ. ಬೆರಳು ಮಾತ್ರ ಅಲ್ಲ, ಕಣ್ಣು ಮತ್ತು ಮುಖ ಕೂಡ ಲಾಕ್ ಆಗುತ್ತದೆ. ಒಟಿಪಿಯಿಂದ ಆಗುವ ಕೆಲಸಗಳು ಮೊದಲಿನ ಹಾಗೆಯೇ ನಡೆಯುತ್ತವೆ.

ಲಾಕ್ ಮಾಡುವಾಗ ಎಲ್ಲರಿಗೂ ಬರುವ ಹೆದರಿಕೆ ಒಂದೇ, ಗೃಹಲಕ್ಷ್ಮಿ ದುಡ್ಡು ನಿಂತುಹೋದರೆ? ನಿಲ್ಲುವುದಿಲ್ಲ. ಆ 2,000 ರೂಪಾಯಿ ಬರುವುದು ಖಾತೆಗೆ ಜೋಡಿಸಿದ ಆಧಾರ್ ನಂಬರ್ ನೋಡಿ. ಅದಕ್ಕೆ ತಿಂಗಳು ತಿಂಗಳು ಬೆರಳು ಬೇಕಾಗಿಲ್ಲ. ಪಿಂಚಣಿ ಜಮಾ ಆಗುವುದಕ್ಕೂ ತೊಂದರೆ ಇಲ್ಲ. ತೊಂದರೆ ಬರುವುದು ಅಮ್ಮನೇ ಬೆರಳು ಒತ್ತಬೇಕಾದ ಕಡೆ. ಸೊಸೈಟಿಯಲ್ಲಿ ಅಕ್ಕಿ ತರುವಾಗ, ಹೊಸ ಸಿಮ್ ಕೊಳ್ಳುವಾಗ, ಪಿಂಚಣಿಯವರು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡುವಾಗ. ಆಗ ಫೋನಿನಿಂದ ಅನ್‌ಲಾಕ್ ಮಾಡಬೇಕು. ತಾತ್ಕಾಲಿಕ ಅನ್‌ಲಾಕ್ ಕೆಲವೇ ನಿಮಿಷ ಇರುತ್ತದೆ, ಆಮೇಲೆ ಮತ್ತೆ ತಾನೇ ಲಾಕ್ ಆಗುತ್ತದೆ. ಅದಕ್ಕೇ ಮನೆಯಿಂದ ಹೊರಡುವಾಗ ಅನ್‌ಲಾಕ್ ಮಾಡಿ ಬಸ್ಸಿಗೆ ಕಾದರೆ ಪ್ರಯೋಜನ ಇಲ್ಲ, ಸೊಸೈಟಿಯ ಕ್ಯೂನಲ್ಲಿ ಎದುರಿಗೆ ಇಬ್ಬರು ಇರುವಾಗ ಮಾಡಬೇಕು. ಅಮ್ಮನಿಗೆ ಬರುವುದಿಲ್ಲ ಅಂತಾದರೆ, ರೇಷನ್ ತರುವ ದಿನ ಅಲ್ಲಿಂದ ಒಂದು ಫೋನ್ ಮಾಡಲಿ. ಒಟಿಪಿ ಅಮ್ಮನ ಫೋನಿಗೆ ಬರುತ್ತದೆ, ಅದನ್ನು ತಮ್ಮನಿಗೆ ಓದಿ ಹೇಳಿದರೆ ಅವನು ಮಂಗಳೂರಿನಿಂದಲೇ ಮಾಡಿಕೊಡಬಹುದು. ಹೌದು, ಒಟಿಪಿ ಯಾರಿಗೂ ಹೇಳಬೇಡಿ ಅಂತ ಹೇಳಿಕೊಟ್ಟು ಈಗ ಮಗನಿಗೆ ಹೇಳಿ ಅನ್ನುವುದು ವಿಚಿತ್ರವೇ. ಒಂದು ಷರತ್ತು ಇಟ್ಟುಕೊಳ್ಳಿ: ಅಮ್ಮ ತಾನಾಗಿ ಫೋನ್ ಮಾಡಿದಾಗ ಮಾತ್ರ. "ಮಗ" ಅಂತ ಯಾರೋ ಅವರಿಗೆ ಫೋನ್ ಮಾಡಿ ಕೇಳಿದರೆ ಇಲ್ಲ.

ಆಧಾರಿಗೂ ಹಳೆಯ ನಂಬರೇ ಇದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಆಧಾರ್ ಕೇಂದ್ರಕ್ಕೆ ಹೋಗಬಹುದು, ಅಂಚೆ ಕಚೇರಿಯಲ್ಲೂ ವಿಚಾರಿಸಬಹುದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರ್ ಬದಲಿಸಿಕೊಡುವ ವ್ಯವಸ್ಥೆಯೂ ಇದೆ. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ಇದು ಬದಲಾಗದೆ ಲಾಕ್ ಆಗುವುದಿಲ್ಲ, ಹಾಗಾಗಿ ಪಾಲುಪಟ್ಟಿಗೆ ಹೋಗುವ ಮೊದಲೇ ಮುಗಿಸಿ.

ಅದರ ಜೊತೆ ಬ್ಯಾಂಕಿನಲ್ಲಿ ಎಇಪಿಎಸ್ ಬಂದ್ ಮಾಡಲು ಒಂದು ಅರ್ಜಿ ಕೊಡಿ. ಎಲ್ಲ ಬ್ಯಾಂಕಿನಲ್ಲೂ ಒಂದೇ ರೀತಿ ಇಲ್ಲ, ಕೆಲವು ಕಡೆ ಕೂಡಲೇ ಮಾಡಿಕೊಡುತ್ತಾರೆ, ಕೆಲವು ಕಡೆ ಓಡಾಡಿಸುತ್ತಾರೆ. ಇಲ್ಲಿ ನಮ್ಮ ಜಿಲ್ಲೆಗಳ ಒಂದು ವಿಶೇಷ ಹೇಳಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ, ಐದೂ ಹುಟ್ಟಿದ್ದು ಇಲ್ಲೇ. 1928ರಲ್ಲಿ ಸಿಂಡಿಕೇಟ್ ಪಿಗ್ಮಿ ಶುರುಮಾಡಿ ಮನೆಮನೆಯಿಂದ ಚಿಲ್ಲರೆ ಕೂಡಿಸಿದ ಊರು ಇದು. ಹಾಗಾಗಿ ಇಲ್ಲಿನ ಅಮ್ಮಂದಿರ ಕಪಾಟಿನಲ್ಲಿ ಒಂದು ಪಾಸ್‌ಬುಕ್ ಇರುವುದೇ ಇಲ್ಲ, ಮೂರು ನಾಲ್ಕು ಇರುತ್ತವೆ. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಪಾಸ್‌ಬುಕ್ಕಿನ ಹೆಸರು ಹಳೆಯದು, ಖಾತೆ ಜೀವಂತ. ಮೈ ಆಧಾರ್‌ನಲ್ಲಿ ಬ್ಯಾಂಕ್ ಜೋಡಣೆ ಅಂತ ನೋಡಿದರೆ ಒಂದೇ ಬ್ಯಾಂಕ್ ಕಾಣುತ್ತದೆ. ಅದು ಸರ್ಕಾರದ ದುಡ್ಡು ಬರುವ ಖಾತೆ ಮಾತ್ರ. ಉಳಿದ ಬ್ಯಾಂಕುಗಳಲ್ಲೂ ಯಾವತ್ತೋ ಆಧಾರ್ ಪ್ರತಿ ಕೊಟ್ಟು ಜೋಡಿಸಿದ್ದರೆ ಅಲ್ಲಿಂದಲೂ ತೆಗೆಯಬಹುದು. ಎಲ್ಲ ಪಾಸ್‌ಬುಕ್ ಹೊರಗೆ ತೆಗೆಸಿ, ಒಂದೊಂದನ್ನೂ ಎಂಟ್ರಿ ಮಾಡಿಸಿ. ಬೇಡದ್ದನ್ನು ಮುಚ್ಚಿಸಿ.

ಈಗ ದುಡ್ಡಿನ ಮಾತು. "ನಿಮ್ಮದೇ ಹೆಬ್ಬೆಟ್ಟು" ಅಂತ ಬ್ಯಾಂಕಿನವರು ಬಾಯಲ್ಲಿ ಹೇಳಿದ್ದು ಉತ್ತರ ಅಲ್ಲ. ಅಮ್ಮನ ಹೆಸರಲ್ಲಿ ಲಿಖಿತ ದೂರು ಕೊಡಿ, ಅದರ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಶಾಖೆಯ ಇಮೇಲಿಗೆ ಕಳಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸೂಚನೆ ಇಂಥದ್ದಕ್ಕೇ ಇರುವುದು. ಗ್ರಾಹಕರ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಸೋರಿದೆ ಅಂತಾದಾಗ, ಬ್ಯಾಂಕಿನಿಂದ ವಿಷಯ ತಿಳಿದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಮಾಮೂಲು ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಕಳೆದುಕೊಳ್ಳಬೇಕಾಗಬಹುದು, ಜನಧನದಂಥ ಖಾತೆಯವರು 5,000. ಅದಕ್ಕೂ ತಡವಾದರೆ ಆ ಬ್ಯಾಂಕಿನ ನೀತಿ ಏನು ಹೇಳುತ್ತದೋ ಹಾಗೆ. ದಿನ ಎಣಿಸುವುದು ದುಡ್ಡು ಹೋದ ದಿನದಿಂದ ಅಲ್ಲ, ಬ್ಯಾಂಕ್ ತಿಳಿಸಿದ ದಿನದಿಂದ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಮ್ಮನಿಗೆ ಮೆಸೇಜ್ ಬಂದಿಲ್ಲ, ತಿಳಿದದ್ದು ಮೊನ್ನೆ ಪಾಸ್‌ಬುಕ್ಕಿನಲ್ಲಿ. "ಹಳೆಯ ನಂಬರಿಗೆ ಕಳಿಸಿದ್ದೇವೆ" ಅಂತ ಬ್ಯಾಂಕ್ ವಾದ ಮಾಡಬಹುದು, ಅದಕ್ಕೆ ತಯಾರಾಗಿರಿ. ನಂಬರ್ ಬದಲಿಸಲು ಅಮ್ಮ ಹಿಂದೆ ಯಾವಾಗಾದರೂ ಅರ್ಜಿ ಕೊಟ್ಟಿದ್ದರೆ ಅದರ ಚೀಟಿ ಹುಡುಕಿ.

ಅದೇ ಸೂಚನೆಯ ಪ್ರಕಾರ ದೂರು ಕೊಟ್ಟ 10 ಕೆಲಸದ ದಿನದೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ತೀರ್ಮಾನ ಮಾಡಬೇಕು. ಗ್ರಾಹಕರದ್ದೇ ತಪ್ಪು ಅಂತ ಸಾಬೀತು ಮಾಡುವ ಕೆಲಸ ಬ್ಯಾಂಕಿನದ್ದು, ನಿಮ್ಮದಲ್ಲ. ಈ ವಾಕ್ಯವನ್ನು ದೂರಿನಲ್ಲೇ ಬರೆಯಿರಿ. ಸೂಚನೆಯ ತಾರೀಕು 2017ರ ಜುಲೈ 6 ಅಂತ ನಮೂದಿಸಿ, ಇದರ ಮೇಲೆ ನಿಮ್ಮ ಬ್ಯಾಂಕಿನ ಈಗಿನ ನೀತಿಯ ಪ್ರತಿ ಕೊಡಿ ಅಂತ ಕೇಳಿ. ಸುಮ್ನೆ ಕೇಳಿದವರಿಗೂ ತಾರೀಕು ಹಿಡಿದು ಕೇಳಿದವರಿಗೂ ಕೌಂಟರಿನಲ್ಲಿ ಸಿಗುವ ಉತ್ತರ ಬೇರೆ ಬೇರೆ. ಬ್ಯಾಂಕ್ ಸಿಬ್ಬಂದಿಗೆ ಪಾಠ ಮಾಡುವವನಾಗಿ ಇದನ್ನು ಧೈರ್ಯದಿಂದ ಹೇಳುತ್ತೇನೆ.

ಸಾಕ್ಷಿಗೆ ಎರಡು ವಿಷಯ. ಒಂದು, ಆ ದುಡ್ಡು ಯಾವ ಏಜೆಂಟಿನ (ಬ್ಯಾಂಕ್ ಮಿತ್ರ ಅಂದೆನಲ್ಲ, ಅವರ) ಮೆಷಿನ್‌ನಿಂದ, ಯಾವ ಊರಿನಿಂದ, ಎಷ್ಟು ಗಂಟೆಗೆ ಹೋಯ್ತು ಅಂತ ಬ್ಯಾಂಕಿನಿಂದ ಬರಹದಲ್ಲಿ ಕೇಳಿ. ಅದು ಬೇರೆ ರಾಜ್ಯದ ಊರಾಗಿದ್ದು, ಆ ದಿನ ಅಮ್ಮ ಇಲ್ಲೇ ಇದ್ದರು ಅನ್ನುವುದಕ್ಕೆ ಆಸ್ಪತ್ರೆಯ ಚೀಟಿಯೋ ಸೊಸೈಟಿಯ ರೇಷನ್ ಬಿಲ್ಲೋ ಸಿಕ್ಕರೆ ಕೇಸ್ ಅರ್ಧ ಗೆದ್ದ ಹಾಗೆ. ಎರಡು, ಮೈ ಆಧಾರ್‌ನಲ್ಲಿ ದೃಢೀಕರಣದ ಇತಿಹಾಸ ಅಂತ ಇದೆ. ಹಿಂದಿನ ಆರು ತಿಂಗಳಲ್ಲಿ ಅಮ್ಮನ ಆಧಾರ್ ಎಲ್ಲೆಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆ ಆಯ್ತು ಅನ್ನುವುದು ಸಾಲಾಗಿ ಬರುತ್ತದೆ. ಅದರಲ್ಲಿ ಆ ಎರಡು ಸಾಲು ಸಿಗಬೇಕು. ಅದರ ಹಿಂದೆಮುಂದೆ ಸೋತ ಪ್ರಯತ್ನಗಳೂ ಕಾಣಬಹುದು, ಬೇರೆ ಬ್ಯಾಂಕಿನ ಹೆಸರಿನಲ್ಲಿ. ಪ್ರಿಂಟ್ ತೆಗೆದು ದೂರಿಗೆ ಅಂಟಿಸಿ.

ಪೊಲೀಸರ ಕೆಲಸ ಎಲ್ಲಿ ಬರುತ್ತದೆ ಅಂದರೆ, ಕಳ್ಳನ ಕೈಗೆ ಹೋಗುವುದು ನಗದು. ಆದರೆ ಆ ನಗದು ಕೊಟ್ಟ ಏಜೆಂಟಿನ ಖಾತೆಗೆ ಅಷ್ಟೇ ಮೊತ್ತ ಬ್ಯಾಂಕಿನಿಂದ ಜಮಾ ಆಗಿರುತ್ತದೆ. ಎಷ್ಟೋ ಸಲ ಏಜೆಂಟನೇ ಕಳ್ಳ. 1930ಕ್ಕೆ ಬೇಗ ಹೇಳಿದರೆ ಆ ಖಾತೆಯನ್ನು ತಡೆಹಿಡಿಯಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ ಉಡುಪಿಯ ಸೆನ್ ಪೊಲೀಸ್ ಠಾಣೆಗೂ ಅಮ್ಮನನ್ನು ನಿಮ್ಮ ತಮ್ಮ ಕರೆದುಕೊಂಡು ಹೋಗಲಿ. ಏಜೆಂಟುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿಯಮ ಬಿಗಿ ಮಾಡಿತು, 2026ರ ಜನವರಿಯಿಂದ ಅದು ಜಾರಿ. ಮೂರು ತಿಂಗಳು ಸುಮ್ಮನಿದ್ದ ಏಜೆಂಟನ ಗುರುತನ್ನು ಮತ್ತೆ ಪರಿಶೀಲಿಸದೆ ವ್ಯವಹಾರಕ್ಕೆ ಬಿಡುವ ಹಾಗಿಲ್ಲ. ಆಧಾರ್ ಪ್ರಾಧಿಕಾರವೂ ಒತ್ತಿದ್ದು ಜೀವಂತ ಬೆರಳೋ ನಕಲಿಯೋ ಅಂತ ನೋಡುವ ತಪಾಸಣೆಯನ್ನು 2023ರಲ್ಲೇ ತಂದಿದೆ. ಇವುಗಳಿಂದ ಕಳ್ಳತನ ಕಷ್ಟ ಆಗಿರುವುದು ನಿಜ. ನಿಂತುಹೋಗಿದೆ ಅಂತ ನಂಬಿ ಲಾಕ್ ಮಾಡದೆ ಇರಬೇಡಿ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಡ. ಸಹಾಯವಾಣಿ 14448.

ಈ ನಡುವೆ ಎರಡನೆಯ ಗಾಳ ಬೀಳುವುದು ಗ್ಯಾರಂಟಿ. ದುಡ್ಡು ಹೋಯ್ತು ಅಂತ ಫೇಸ್‌ಬುಕ್ಕಿನಲ್ಲಿ ಬ್ಯಾಂಕಿನ ಹೆಸರು ಹಾಕಿ ಬರೆದ ಅರ್ಧ ಗಂಟೆಯಲ್ಲಿ "ಬ್ಯಾಂಕ್ ಸಹಾಯವಾಣಿ" ಅಂತ ಯಾರೋ ಬರುತ್ತಾರೆ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರೂ ಅಷ್ಟೇ. ದುಡ್ಡು ವಾಪಸ್ ಕೊಡಿಸಲು ಫಾರ್ಮ್ ಅಂತ ಒಂದು ಎಪಿಕೆ ಫೈಲ್ (ಫೋನಿನಲ್ಲಿ ಆಪ್ ಕೂರಿಸುವ ಫೈಲ್) ಕಳಿಸುತ್ತಾರೆ, ಅದನ್ನು ಒತ್ತಿದರೆ ಫೋನಿಗೆ ಬರುವ ಮೆಸೇಜ್ ಎಲ್ಲ ಅವರಿಗೆ ಓದಲು ಸಿಗುತ್ತದೆ. ಬ್ಯಾಂಕುಗಳ ನಿಜವಾದ ಜಾಲತಾಣಗಳ ವಿಳಾಸ ಈಗ ಬ್ಯಾಂಕ್ ಡಾಟ್ ಇನ್ ಅಂತ ಕೊನೆಯಾಗುತ್ತದೆ. ನಂಬರ್ ಬೇಕಾದರೆ ಅಲ್ಲಿಂದ ಅಥವಾ ಪಾಸ್‌ಬುಕ್ಕಿನ ಹಿಂದಿನಿಂದ ತೆಗೆದುಕೊಳ್ಳಿ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿ "ಡಿಜಿಟಲ್ ಅರೆಸ್ಟ್" ಅನ್ನುವವರ ಬಗ್ಗೆ ಅಮ್ಮನಿಗೆ ಒಂದೇ ಮಾತು ಸಾಕು: ನಮ್ಮ ಕಾನೂನಿನಲ್ಲಿ ಹಾಗೊಂದು ಅರೆಸ್ಟ್ ಇಲ್ಲ, ಫೋನ್ ಇಟ್ಟುಬಿಡಿ.

ಆಧಾರ್ ಎಲ್ಲೂ ಕೊಡದೆ ಇರಲು ಆಗುತ್ತದಾ ಅಂತ ಕೇಳಿದಿರಿ. ಆಗುವುದಿಲ್ಲ. ಕೊಡುವ ರೀತಿ ಬದಲಿಸಬಹುದು. ಮೊದಲ ಎಂಟು ಅಂಕೆ ಮರೆಮಾಡಿ ಕೊನೆಯ ನಾಲ್ಕು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಜಾಲತಾಣದಲ್ಲೇ ಸಿಗುತ್ತದೆ. ಲಾಡ್ಜಿಗೆ, ಮನೆ ಬಾಡಿಗೆಗೆ, ಕೊರಿಯರಿನವರಿಗೆ ಅದೇ ಸಾಕು. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ "ಎಲ್ಲರಿಗೂ ಪ್ರತಿ ಕೊಡಬೇಡಿ, ಮಾಸ್ಕ್ಡ್ ಕೊಡಿ" ಅಂತ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರು ಅಂತ ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆದರು. ನನ್ನನ್ನು ಕೇಳಿದರೆ ಆ ಮೊದಲ ಪ್ರಕಟಣೆಯೇ ಸರಿಯಿತ್ತು. ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡವಾಗಿ ಯಾರಿಗೆ, ಯಾವುದಕ್ಕೆ ಕೊಟ್ಟದ್ದು ಅಂತ ತಾರೀಕು ಸಮೇತ ಪೆನ್ನಿನಲ್ಲಿ ಬರೆಯಿರಿ. ಫೋಟೊ ಮತ್ತು ಅಕ್ಷರದ ಮೇಲೆಯೇ ಬರೆಯಬೇಕು, ಖಾಲಿ ಮೂಲೆಯಲ್ಲಿ ಬರೆದರೆ ಕತ್ತರಿಸಿ ತೆಗೆಯುತ್ತಾರೆ.

ಸುಲಭವಾಗಿ ಸೋರುವ ಇನ್ನೊಂದು ಜಾಗ ಜೆರಾಕ್ಸ್ ಅಂಗಡಿ. ಅಂಗಡಿಯವರು ಕೆಟ್ಟವರು ಅಂತಲ್ಲ. ಪ್ರಿಂಟ್ ಬೇಕು ಅಂತ ನಾವು ಪಿಡಿಎಫ್ ಅನ್ನು ಅವರ ವಾಟ್ಸಾಪಿಗೆ ಕಳಿಸುತ್ತೇವೆ. ಅವರು ಕಂಪ್ಯೂಟರಿನಲ್ಲಿ ತೆರೆಯುತ್ತಾರೆ, ಪ್ರಿಂಟ್ ಕೊಡುತ್ತಾರೆ, ಮುಂದಿನವರನ್ನು ನೋಡುತ್ತಾರೆ. ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೇ ಇರುತ್ತದೆ, ಅದರ ಕೆಳಗೆ ಇಡೀ ಊರಿನವರ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್. ಪಾಸ್‌ವರ್ಡ್ ಇದೆಯಲ್ಲ ಅಂತೀರಾ? ಇ-ಆಧಾರ್ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನು ನಾವೇ ಅದೇ ವಾಟ್ಸಾಪಿನಲ್ಲಿ ಕೆಳಗೆ ಟೈಪ್ ಮಾಡಿ ಕಳಿಸಿರುತ್ತೇವೆ! ಪ್ರಿಂಟ್ ಆದ ಮೇಲೆ ಅವರ ಎದುರೇ ನಿಂತು ಅಳಿಸಲು ಹೇಳಿ, ರಿಸೈಕಲ್ ಬಿನ್‌ನಿಂದಲೂ. ಮುಜುಗರ ಪಡಬೇಡಿ. ಇಲ್ಲದಿದ್ದರೆ ಆಧಾರಿನ ಪ್ಲಾಸ್ಟಿಕ್ (ಪಿವಿಸಿ) ಕಾರ್ಡ್ ತರಿಸಿಟ್ಟುಕೊಂಡು ಬೇಕಾದಾಗ ಅದರದ್ದೇ ಜೆರಾಕ್ಸ್ ಮಾಡಿಸಿ, ಫೈಲ್ ಕಳಿಸುವ ಪ್ರಶ್ನೆಯೇ ಬರುವುದಿಲ್ಲ.

ಪಾಲುಪಟ್ಟಿಗೆ ಹೋಗುವ ದಿನ ಏನು ಮಾಡಬೇಕು ಅಂದರೆ, ಬರೆಯುವಾಗಲೇ ಆಧಾರಿನ ಕೊನೆಯ ನಾಲ್ಕು ಅಂಕೆ ಮಾತ್ರ ಹಾಕಿದರೆ ನಡೆಯುತ್ತದಾ ಅಂತ ಪತ್ರ ಬರಹಗಾರರನ್ನು ಕೇಳಿ. ಕಚೇರಿಯಲ್ಲಿ ಬೆರಳು ಕೇಳಿದರೆ ಕೊಡಿ, ಅದನ್ನು ತಪ್ಪಿಸಲು ಹೋಗಬೇಡಿ. ಬಯೋಮೆಟ್ರಿಕ್ ಲಾಕ್ ಇದ್ದರೆ ಆ ಗುರುತಿನಿಂದ ಬ್ಯಾಂಕಿನ ದುಡ್ಡು ತೆಗೆಯಲು ಆಗುವುದಿಲ್ಲ. ಕರಡನ್ನು ವಾಟ್ಸಾಪಿನಲ್ಲಿ ಅಕ್ಕ, ಭಾವ, ಮಾವ ಎಲ್ಲರಿಗೂ ಹಂಚುವುದು ಇದೆಯಲ್ಲ, ಅದನ್ನು ಮಾತ್ರ ಕಮ್ಮಿ ಮಾಡಿ.

ಕೊನೆಗೆ ತಮ್ಮನ ಮಾತು. ಬೇಡ ಅನ್ನುತ್ತೇನೆ. ಆಧಾರಿಗೂ ಬ್ಯಾಂಕಿಗೂ ಅಮ್ಮನ ಕೈಯಲ್ಲಿರುವ ಫೋನಿನ ನಂಬರೇ ಇರಲಿ. ದುಡ್ಡು ಹೋದರೆ ಮೊದಲು ಗೊತ್ತಾಗಬೇಕಾದದ್ದು ಅವರಿಗೆ, ಮತ್ತೆ ಅವರ ಖಾತೆಯ ಒಟಿಪಿ ಮಕ್ಕಳ ಫೋನಿಗೆ ಬರುವುದು ಪಾಲುಪಟ್ಟಿಯ ಸಮಯದಲ್ಲಿ ಅಷ್ಟು ಒಳ್ಳೆಯ ಏರ್ಪಾಡು ಅಲ್ಲ, ಬೇಸರ ಮಾಡಬೇಡಿ. ಬ್ಯಾಂಕಿನಲ್ಲಿ ಇಮೇಲ್ ಅಲರ್ಟ್ ಇದ್ದರೆ ಅದಕ್ಕೆ ಮಕ್ಕಳ ವಿಳಾಸ ಕೊಡಿ. ನಿಮ್ಮ ನಂಬರ್ ಅಂತೂ ಖಂಡಿತ ಬೇಡ. ಗಲ್ಫಿನಲ್ಲಿರುವವರ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿರುತ್ತದೆ. 90 ದಿನ ಬಳಕೆ ಇಲ್ಲದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು, ಆಮೇಲೆ ಮತ್ತೆ 90 ದಿನ ಕಳೆದ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗಬಹುದು. ಖಾತೆಗೆ ಕೊಟ್ಟಿರುವ ಅಮ್ಮನ ಹಳೆಯ ನಂಬರ್ ಈಗ ಯಾರ ಕೈಯಲ್ಲಿದೆ? ಅದಕ್ಕೆ ಒಮ್ಮೆ ಫೋನ್ ಮಾಡಿ ನೋಡಿ. ಯಾರಾದರೂ ಎತ್ತಿದರೆ ನಾಳೆ ಬೆಳಿಗ್ಗೆ ಬ್ಯಾಂಕ್ ತೆರೆಯುವಾಗಲೇ ಅಮ್ಮನ ಜೊತೆ ನಿಮ್ಮ ತಮ್ಮ ಹೋಗಿ ಅದನ್ನು ತೆಗೆಸಲಿ. ಹಾಗೆಯೇ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅಮ್ಮನ ಈಗಿನ ನಂಬರ್ ಹಾಕಿ, ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ "ನನ್ನದಲ್ಲ" ಅಂತ ಒತ್ತಿ ದೂರು ಕೊಡಬಹುದು.